ಆರಂಭಿಕ ಓದು, ಬರಹ ಮತ್ತು ಮಾತಿನ ಕಲಿಕೆ: ರಾಯಚೂರು, ದೇವದುರ್ಗ, ಮಾನ್ವಿ

ಆರಂಭಿಕ ಭಾಷಾ ಕಲಿಕೆ ಎಂದರೆ ಪ್ರಾಥಮಿಕ ಶಾಲೆಯ 1ರಿಂದ 3ನೇ ತರಗತಿಯವರೆಗಿನ ಮಕ್ಕಳಿಗೆ ಕೇಳಿ ತಿಳಿಯುವ, ಮಾತಾಡುವ, ಓದುವ ಮತ್ತು ಬರೆಯುವ ಶಕ್ತಿಯನ್ನು ಕ್ರಮವಾಗಿ ಕಲಿಸುವ ಶಾಲಾ ಬೋಧನೆ. ಈ ಲೇಖನ ರಾಯಚೂರು ನಗರ ಹಾಗೂ ದೇವದುರ್ಗ, ಮಾನ್ವಿ ತಾಲ್ಲೂಕುಗಳ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಈ ಕಲಿಕೆಯ ಹಿನ್ನೆಲೆ, ಕ್ರಮ, ಪದ್ಧತಿಗಳು ಮತ್ತು ಇಂದಿನ ಸ್ಥಿತಿಯನ್ನು ವಿವರಿಸುತ್ತದೆ. ಮೂರೂ ಕಡೆ ಪಠ್ಯಕ್ರಮ ಒಂದೇ. ಆದರೆ ನಗರದ ಓಣಿಯ ಮಗು, ಕಾಲುವೆ ಬಯಲಿನ ಕ್ಯಾಂಪಿನ ಮಗು ಮತ್ತು ಲಂಬಾಣಿ ತಾಂಡಾದ ಮಗು ತರಗತಿಗೆ ತರುವ ಮಾತು ಬೇರೆಬೇರೆ. ಈ ಭಾಗದ ಅಕ್ಷರ ಕಲಿಕೆಯ ಬಹುಪಾಲು ಪ್ರಶ್ನೆಗಳು ಹುಟ್ಟುವುದು ಅಲ್ಲಿಂದ.

ಪರಿಭಾಷೆ

ಕರ್ನಾಟಕದ ಶಿಕ್ಷಕರ ತರಬೇತಿಯಲ್ಲಿ ನಾಲ್ಕು ಮೂಲ ಕೌಶಲಗಳನ್ನು ಆಲಿಸುವಿಕೆ, ಮಾತನಾಡುವಿಕೆ, ಓದುವಿಕೆ, ಬರೆಯುವಿಕೆ ಎಂದು ಹೆಸರಿಸುತ್ತಾರೆ. ಮೊದಲಕ್ಷರಗಳನ್ನು ಕೂಡಿಸಿ ‘ಆಮಾಓಬ’ ಎನ್ನುವುದು ಶಿಕ್ಷಕರ ನಡುವಿನ ರೂಢಿ. 1990ರ ದಶಕದಲ್ಲಿ ‘ಕನಿಷ್ಠ ಕಲಿಕಾ ಮಟ್ಟ’, ಆಮೇಲೆ ‘ಸಾಮರ್ಥ್ಯ’, 2017ರಿಂದೀಚೆಗೆ ‘ಕಲಿಕಾ ಫಲ’ ಎಂಬ ಪದಗಳು ಬಳಕೆಗೆ ಬಂದವು. 2021ರಿಂದ ‘ಬುನಾದಿ ಸಾಕ್ಷರತೆ ಮತ್ತು ಸಂಖ್ಯಾಜ್ಞಾನ’ ಎಂಬುದು ಅಧಿಕೃತ ಹೆಸರು. ಹೆಸರು ಬದಲಾದಷ್ಟು ವೇಗವಾಗಿ ತರಗತಿಯೊಳಗಿನ ಕೆಲಸ ಬದಲಾಗಿಲ್ಲ. ‘ಸ್ಪಷ್ಟ ಓದು, ಶುದ್ಧ ಬರಹ’ ಎಂಬ ಹಳೆಯ ನುಡಿ ಇಂದಿಗೂ ಶಾಲೆಗಳಲ್ಲಿ ಬಳಕೆಯಲ್ಲಿದೆ.

ಈ ಲೇಖನದಲ್ಲಿ ‘ಮೂಲಾಕ್ಷರ’ ಎಂದರೆ ಸ್ವರ ಮತ್ತು ಅಕಾರಯುಕ್ತ ವ್ಯಂಜನ, ‘ಗುಣಿತಾಕ್ಷರ’ ಎಂದರೆ ವ್ಯಂಜನಕ್ಕೆ ಸ್ವರಚಿಹ್ನೆ ಸೇರಿದ ರೂಪ (ಬಾಯಿಮಾತಿನಲ್ಲಿ ಕಾಗುಣಿತ), ‘ಒತ್ತಕ್ಷರ’ ಎಂದರೆ ಎರಡು ಅಥವಾ ಹೆಚ್ಚು ವ್ಯಂಜನ ಕೂಡಿದ ಸಂಯುಕ್ತಾಕ್ಷರ.

ಹಿನ್ನೆಲೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ದೋಆಬ್ ಪ್ರದೇಶದಲ್ಲಿ ಬರಹದ ಇತಿಹಾಸ ಬಹಳ ಹಳೆಯದು. ಅಶೋಕನ ಹೆಸರನ್ನೇ ಹೇಳುವ ಮಸ್ಕಿಯ ಬ್ರಾಹ್ಮಿ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದು ಇದೇ ಜಿಲ್ಲೆಯಲ್ಲಿ. ಕನ್ನಡ ಲಿಪಿಯ ಮೂಲವೂ ಬ್ರಾಹ್ಮಿಯೇ. ಆದರೆ ಶಾಸನ ಹಳೆಯದಾದ ಮಾತ್ರಕ್ಕೆ ಊರಿಗೆಲ್ಲ ಓದು ಬರುತ್ತಿತ್ತು ಎಂದಲ್ಲ. ಬಹುಜನರ ಸಾಹಿತ್ಯ ಬಾಯಿಂದ ಬಾಯಿಗೆ ಸಾಗಿತು. ಹರಿದಾಸ ಪರಂಪರೆಯ ವಿಜಯದಾಸರು ಮಾನ್ವಿ ಸೀಮೆಯ ಚೀಕಲಪರ್ವಿಯವರು, ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನವರು. ‘ಹರಿಕಥಾಮೃತಸಾರ’ದ ಕರ್ತೃ ಜಗನ್ನಾಥದಾಸರು ಬದುಕಿದ್ದು ಮಾನ್ವಿಯಲ್ಲಿ. ಕೀರ್ತನೆ, ತತ್ವಪದ, ಮೊಹರಂ ಪದ, ಬೀಸುವ ಪದಗಳನ್ನು ಅಕ್ಷರವಿಲ್ಲದವರೂ ನೂರಾರು ಸಂಖ್ಯೆಯಲ್ಲಿ ಬಲ್ಲವರಾಗಿದ್ದರು. ಮಾತಿನ ಸಂಪತ್ತು ದೊಡ್ಡದಿದ್ದು ಬರಹದ ಬಳಕೆ ಚಿಕ್ಕದಿದ್ದ ಸಮಾಜ ಇದು.

ಶಾಲೆಗಳು ಬರುವ ಮೊದಲು ಮಠ, ಗುಡಿಯ ಪಡಸಾಲೆ ಅಥವಾ ಯಾರಾದರೊಬ್ಬರ ಮನೆಯ ಕಟ್ಟೆಯಲ್ಲಿ ಗಾಂವಠಿ ಶಾಲೆ ನಡೆಯುತ್ತಿತ್ತು. ಅಲ್ಲಿನ ಗುರುಗಳಾದ ಐಗಳು ಉಸುಕಿನ ಮೇಲೆ ಬೆರಳಿನಿಂದ ಓನಾಮ ತಿದ್ದಿಸಿ, ಮುಂದೆ ಕಾಗುಣಿತ, ಮಗ್ಗಿ, ಪತ್ರ ಮತ್ತು ಲೆಕ್ಕ ಕಲಿಸುತ್ತಿದ್ದರು. ಓದುವುದಕ್ಕಿಂತ ಬಾಯಿಪಾಠಕ್ಕೆ, ಕೂಡಿಸಿ ಬರೆಯುವುದಕ್ಕಿಂತ ತಿದ್ದುವುದಕ್ಕೆ ಅಲ್ಲಿ ಹೆಚ್ಚು ಬೆಲೆ.

ರಾಯಚೂರು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಉರ್ದುವೇ. ನೌಕರಿಗೆ ಬೇಕಾದ ಭಾಷೆ ಒಂದು, ಮನೆಯ ಭಾಷೆ ಇನ್ನೊಂದು ಎಂಬ ಸ್ಥಿತಿಯಲ್ಲಿ ಕನ್ನಡ ಶಾಲೆಗಳು ಖಾಸಗಿ ಪ್ರಯತ್ನಗಳನ್ನೇ ಹೆಚ್ಚಾಗಿ ಅವಲಂಬಿಸಿದವು. ರಾಯಚೂರು ನಗರದಲ್ಲಿ ಪಂಡಿತ ತಾರಾನಾಥರು ಕಟ್ಟಿದ ಹಮ್‌ದರ್ದ್ ಶಾಲೆ ಇವುಗಳಲ್ಲಿ ಪ್ರಸಿದ್ಧ. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಬಳಿಕ ಪ್ರಾಥಮಿಕ ಶಿಕ್ಷಣ ರಾಜ್ಯದ ಒಂದೇ ಪಠ್ಯಕ್ರಮದ ಅಡಿ ಬಂತು. ಹಳೆ ಮೈಸೂರು ಮತ್ತು ಧಾರವಾಡ ಕಡೆ ಮೂರ್ನಾಲ್ಕು ತಲೆಮಾರು ಮೊದಲೇ ಆರಂಭವಾಗಿದ್ದ ಕನ್ನಡ ಶಾಲಾ ಪರಂಪರೆ ಇಲ್ಲಿ ಬೇರೂರಿದ್ದು ಆಗ. ಇಂದಿನ ಸಾಕ್ಷರತಾ ಅಂತರದ ಒಂದು ಕಾರಣ ಈ ತಡ.

2011ರ ಜನಗಣತಿಯ ಪ್ರಕಾರ ಜಿಲ್ಲೆಯ ಸಾಕ್ಷರತೆ ಶೇ 59.56, ಮಹಿಳೆಯರಲ್ಲಿ ಶೇ 48.73. ರಾಜ್ಯದ ಪ್ರಮಾಣ ಶೇ 75.36. ಪ್ರಾದೇಶಿಕ ಅಸಮತೋಲನ ಕುರಿತ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ಇರಿಸಿತು. ಈ ಅಂಕಿಗಳು ತರಗತಿಯ ಮಟ್ಟಿಗೆ ಹೇಳುವುದು ಇಷ್ಟು: 1ನೇ ತರಗತಿಯ ಅನೇಕ ಮಕ್ಕಳು ಮನೆಯಲ್ಲಿ ಪುಸ್ತಕ ಓದುವವರನ್ನು ಕಾಣದೆ ಶಾಲೆಗೆ ಬಂದವರು.

ಲಿಪಿಯ ರಚನೆ ಮತ್ತು ಕಲಿಕೆಯ ಕ್ರಮ

ಕನ್ನಡ ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49 ಅಕ್ಷರಗಳಿವೆ. ಓದಲು ಇಷ್ಟು ಸಾಲದು. ಪ್ರತಿ ವ್ಯಂಜನಕ್ಕೂ 13 ಸ್ವರ ಮತ್ತು 2 ಯೋಗವಾಹ ಸೇರಿ 15 ರೂಪ ಎಂದರೆ ಗುಣಿತಾಕ್ಷರಗಳೇ 510 ಆಗುತ್ತವೆ. ಅವುಗಳ ಮೇಲೆ ಒತ್ತಕ್ಷರ. ಇವೆಲ್ಲವನ್ನೂ ಒಂದೊಂದಾಗಿ ಬಾಯಿಪಾಠ ಮಾಡಬೇಕಿಲ್ಲ, ಕೂಡಿಸುವ ನಿಯಮ ತಿಳಿದರೆ ಸಾಕು. ನಿಯಮ ಹಿಡಿದ ಮಗು ಕಂಡಿರದ ಅಕ್ಷರವನ್ನೂ ಓದುತ್ತದೆ. ಹಿಡಿಯದ ಮಗು ‘ಕ’ದಿಂದ ‘ಕಃ’ವರೆಗೆ ರಾಗವಾಗಿ ಒಪ್ಪಿಸಿದರೂ, ನಡುವಿನ ‘ಕೊ’ವನ್ನು ಬೆರಳಿಟ್ಟು ತೋರಿಸಿದಾಗ ಮೊದಲಿನಿಂದ ಹಾಡಿಕೊಂಡು ಬಂದು ಅಲ್ಲಿಗೆ ಮುಟ್ಟುತ್ತದೆ.

ಸಾಂಪ್ರದಾಯಿಕ ಕ್ರಮ ‘ಅ’ದಿಂದ ‘ಳ’ವರೆಗೆ ವರ್ಣಮಾಲೆಯ ಸಾಲನ್ನೇ ಅನುಸರಿಸುತ್ತದೆ. ಈ ಸಾಲು ಉಚ್ಚಾರಣಾ ಸ್ಥಾನದ ಮೇಲೆ ನಿಂತಿದ್ದು, ವ್ಯಾಕರಣಕ್ಕೆ ಒಪ್ಪುವಂಥದ್ದು. ಕಲಿಯುವ ಮಗುವಿಗೆ ಮಾತ್ರ ಆರಂಭದಲ್ಲೇ ಋ, ಙ, ಞ ಎದುರಾಗುತ್ತವೆ. ಅವು ಬರುವ ಪದಗಳು ಐದು ವರ್ಷದ ಮಗುವಿನ ಬಾಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಸರ್ಕಾರಿ ಶಾಲೆಗಳ 1ರಿಂದ 3ನೇ ತರಗತಿಯ ನಲಿಕಲಿ ಪದ್ಧತಿ ಈ ಸಾಲನ್ನು ಬಿಟ್ಟು, ಆಕಾರದಲ್ಲಿ ಹೋಲುವ, ಪದ ಕಟ್ಟಲು ಬರುವ ಅಕ್ಷರಗಳ ಗುಂಪಿನಿಂದ ಆರಂಭಿಸುತ್ತದೆ. ಮೊದಲ ಗುಂಪು ರ, ಗ, ಸ, ದ, ಅ. ಈ ಐದರಿಂದಲೇ ಸರ, ದರ, ರಸ, ಅಗಸ, ಅರಸ, ದಸರ, ಗರಗಸ ಎಂಬ ಪದಗಳು ಹುಟ್ಟುತ್ತವೆ. ಮುಂದಿನ ಗುಂಪು ಜ, ವ, ಮ, ಬ, ನ. ಇವು ಸೇರಿದೊಡನೆ ಮರ, ಜನ, ನಗರ, ಬಸವ ಓದಲು ಬರುತ್ತದೆ. ಕೆಲವು ವಾರದೊಳಗೆ ಮಗು ಓದುವುದು ಬಿಡಿ ಅಕ್ಷರವಲ್ಲ, ಅರ್ಥವುಳ್ಳ ಪದ. ವಯಸ್ಕರ ಸಾಕ್ಷರತೆಯ ಕನ್ನಡ ಪಾಠಗಳೂ ಇದೇ ತತ್ವವನ್ನು ಬಳಸಿವೆ.

ಎರಡೂ ಕ್ರಮಗಳಲ್ಲಿ ಕೊನೆಗೆ ಬರುವುದು ಒತ್ತಕ್ಷರ. ಬಹುಪಾಲು ಒತ್ತುಗಳು ತಲೆಕಟ್ಟಿಲ್ಲದ ಮೂಲಾಕ್ಷರದಂತೆಯೇ ಇರುತ್ತವೆ. ತ, ನ, ಮ, ಯ, ರ, ಲ ಇವುಗಳ ಒತ್ತು ಮಾತ್ರ ಮೂಲರೂಪವನ್ನು ಹೋಲುವುದಿಲ್ಲ. ಬಳಕೆಯಲ್ಲಿ ಹೆಚ್ಚು ಬರುವವೂ ಇವೇ. ಅರ್ಕಾವೊತ್ತಿನದು ಇನ್ನೊಂದು ತೊಡಕು: ‘ವರ್ಷ’ದಲ್ಲಿ ರೇಫವನ್ನು ಮೊದಲು ಉಚ್ಚರಿಸಿ ನಂತರ ಬರೆಯಬೇಕು. ಕಣ್ಣಿನ ಕ್ರಮಕ್ಕೂ ಕಿವಿಯ ಕ್ರಮಕ್ಕೂ ಹೊಂದಿಕೆ ತಪ್ಪುವುದರಿಂದ ಮಕ್ಕಳು ಇದನ್ನು ‘ವಷರ’ ಎಂದು ಓದುವುದು ಸಾಮಾನ್ಯ.

ಪಠ್ಯಕ್ರಮ ಒತ್ತಕ್ಷರವನ್ನು ಕೊನೆಗೆ ಇಟ್ಟಿದ್ದರೂ ಮಗುವಿನ ಲೋಕದಲ್ಲಿ ಅದು ಮೊದಲಿನದು. ಅವ್ವ, ಅಪ್ಪ, ಅಕ್ಕ, ಅಣ್ಣ, ತಮ್ಮ, ಅಜ್ಜ ಎಲ್ಲಕ್ಕೂ ಒತ್ತು ಇದೆ. ಊಟದ ರೊಟ್ಟಿ, ಹೊಲದ ಬುತ್ತಿ, ದೇವದುರ್ಗದ ಹತ್ತಿ, ಮಾನ್ವಿಯ ಭತ್ತ, ಕೊಟ್ಟಿಗೆಯ ಎತ್ತು, ಊರ ಮುಂದಿನ ಹಳ್ಳ ಇವಕ್ಕೂ ಒತ್ತು ಇದೆ. ಈ ಭಾಗದ ಹೆಸರುಗಳಲ್ಲಿ ಹುಲಿಗೆಮ್ಮ, ಯಲ್ಲಮ್ಮ, ಬಸಪ್ಪ, ಹನುಮಂತಪ್ಪ ಸಾಮಾನ್ಯ. ಒತ್ತಿಲ್ಲದ ಪದಗಳಿಂದ ಮಾತ್ರ ಪಾಠ ಕಟ್ಟಬೇಕೆಂದರೆ ಮನೆಮಂದಿಯೆಲ್ಲ ಪುಸ್ತಕದ ಹೊರಗೆ ಉಳಿಯುತ್ತಾರೆ. ಲಕ್ಷ್ಮಿ ಎಂಬ ಹುಡುಗಿ ಪಠ್ಯಕ್ರಮದ ಲೆಕ್ಕದಲ್ಲಿ ತನ್ನ ಹೆಸರನ್ನು ತಿಳಿದು ಬರೆಯಲು ಒತ್ತಕ್ಷರದ ಹಂತದವರೆಗೆ ಕಾಯಬೇಕು. ಹೀಗಾಗಿ ಅನುಭವಸ್ಥ ಶಿಕ್ಷಕರು ಮಕ್ಕಳ ಹೆಸರು, ಬಂಧುವಾಚಕಗಳನ್ನು ಇಡೀ ಪದದ ಚಿತ್ರವಾಗಿ ಮೊದಲ ತಿಂಗಳಲ್ಲೇ ಗೋಡೆಗೆ ಏರಿಸುತ್ತಾರೆ. ವಿವರಣೆ ಆಮೇಲೆ ಬರುತ್ತದೆ.

ಕನ್ನಡ ಅಕ್ಷರ ಕಲಿಕೆಯ ಕುರಿತು ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಇಂಗ್ಲಿಷ್ ವರ್ಣಮಾಲೆಯಂತೆ ಒಂದೆರಡು ವರ್ಷದಲ್ಲಿ ಇದು ಮುಗಿಯುವುದಿಲ್ಲ, ಪೂರ್ಣ ಅಕ್ಷರಜ್ಞಾನ 4ನೇ ತರಗತಿಯ ಆಚೆಗೂ ಬೆಳೆಯುತ್ತಿರುತ್ತದೆ ಎಂದು ತೋರಿಸಿತು. ಉಚ್ಚಾರಾಂಶದ ಅರಿವು ಬೇಗ ಬರುತ್ತದೆ, ಒಂದೊಂದೇ ಧ್ವನಿಯನ್ನು ಬಿಡಿಸುವ ಅರಿವು ನಿಧಾನ. 2ನೇ ತರಗತಿಯ ಕೊನೆಗೆ ‘ಎಲ್ಲ ಅಕ್ಷರ ಬರಬೇಕು’ ಎಂಬ ನಿರೀಕ್ಷೆಯನ್ನು ಈ ಬೆಳಕಿನಲ್ಲಿ ನೋಡಬೇಕಾಗುತ್ತದೆ.

ಮಾತು ಮತ್ತು ಮನೆಮಾತು

ನಾಲ್ಕು ಕೌಶಲಗಳಲ್ಲಿ ತರಗತಿಯ ಸಮಯ ಅತಿ ಕಡಿಮೆ ಸಿಗುವುದು ಮಾತಿಗೆ. ಮಾತು ತಾನಾಗಿ ಬರುತ್ತದೆ ಎಂಬ ಎಣಿಕೆ ಇದಕ್ಕೆ ಕಾರಣ. ಬರುವುದು ನಿಜ, ಆದರೆ ಬರುವ ಮಾತು ಪುಸ್ತಕದ ಮಾತಲ್ಲ.

ರಾಯಚೂರು ಭಾಗದ ಆಡುಗನ್ನಡದಲ್ಲಿ ಪದಾಂತ್ಯದ ಎಕಾರ ಇಕಾರವಾಗುತ್ತದೆ: ಮನಿ, ಎಲಿ, ಸಾಲಿ. ಸಪ್ತಮಿಗೆ ‘ಅಲ್ಲಿ’ ಬದಲು ‘ಆಗ’ ಬರುತ್ತದೆ: ಮನ್ಯಾಗ, ಊರಾಗ. ಕ್ರಿಯಾಪದದ ಕೊನೆಯಲ್ಲಿ ಬರ್ತಾನ, ಬರಾಕತ್ತಾನ. ಅಸ್ತಿತ್ವಕ್ಕೆ ‘ಐತಿ’ ಮತ್ತು ‘ಅದ’. ‘ನಾ ಸಾಲಿಗಿ ಹೊಂಟೀನಿ’ ಎಂದು ಹೇಳುವ ಮಗು ‘ನಾನು ಶಾಲೆಗೆ ಹೋಗುತ್ತಿದ್ದೇನೆ’ ಎಂಬ ಮುದ್ರಿತ ವಾಕ್ಯವನ್ನು ಅಕ್ಷರ ಅಕ್ಷರವಾಗಿ ಬಿಡಿಸುವಾಗ, ಮುಂದಿನ ಪದ ಯಾವುದಿರಬಹುದು ಎಂಬ ಊಹೆ ಅದಕ್ಕೆ ನೆರವಾಗುವುದಿಲ್ಲ. ಉಕ್ತಲೇಖನದಲ್ಲಿ ‘ಮನೆ’ಗೆ ‘ಮನಿ’ ಎಂದು ಬರೆದರೆ ಅದು ಕಿವಿಯ ತಪ್ಪೂ ಅಲ್ಲ, ಅಕ್ಷರದ ತಪ್ಪೂ ಅಲ್ಲ. ಮಗು ತಾನು ಆಡಿದ್ದನ್ನು ಸರಿಯಾಗಿಯೇ ಬರೆದಿದೆ. ಕೆಂಪು ಶಾಯಿ ಮಾತ್ರ ಈ ವ್ಯತ್ಯಾಸ ನೋಡುವುದಿಲ್ಲ.

ಕನ್ನಡವೇ ಮನೆಮಾತಲ್ಲದ ಮಕ್ಕಳು ಮೂರೂ ಕಡೆ ಇದ್ದಾರೆ. ತೆಲಂಗಾಣ ಮತ್ತು ಆಂಧ್ರದ ಗಡಿಗೆ ಹತ್ತಿರವಿರುವ ರಾಯಚೂರು ನಗರದಲ್ಲಿ ತೆಲುಗು ಮತ್ತು ಉರ್ದು ವ್ಯಾಪಕ. ಒಂದೇ ಓಣಿಯ ಮಕ್ಕಳು ಆಟದಲ್ಲಿ ಮೂರು ಭಾಷೆ ಬಳಸುವುದು ಅಲ್ಲಿ ವಿಶೇಷವೇನಲ್ಲ. ಮಾನ್ವಿ ಸೀಮೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಿವೆ, ಅಲ್ಲಿನ ಮನೆಮಾತು ತೆಲುಗು. ತೆಲುಗು ಮತ್ತು ಕನ್ನಡ ಲಿಪಿಗಳು ಹತ್ತಿರದವಾದ್ದರಿಂದ ಎರಡನ್ನೂ ಕಾಣುವ ಮಗುವಿಗೆ ತಲೆಕಟ್ಟಿನ ಗೊಂದಲವೂ ಇದೆ, ಅನುಕೂಲವೂ ಇದೆ. ತಾಂಡಾಗಳ ಮಕ್ಕಳ ಮನೆಮಾತು ಲಂಬಾಣಿ. ಇದು ಇಂಡೋ-ಆರ್ಯನ್ ಕುಲದ, ರಾಜಸ್ಥಾನಿಗೆ ಹತ್ತಿರದ ಭಾಷೆ. ತನ್ನದೇ ರೂಢಿಯ ಲಿಪಿ ಇಲ್ಲ. ಈ ಮಕ್ಕಳಿಗೆ 1ನೇ ತರಗತಿಯ ಕನ್ನಡ ಪಾಠ ಅಕ್ಷರ ಪಾಠವೂ ಹೌದು, ಎರಡನೆಯ ಭಾಷೆಯ ಪಾಠವೂ ಹೌದು. ‘ಗರಗಸ’ ಎಂದು ಬಿಡಿಸಿ ಓದಿದರೂ ಅದೇನು ವಸ್ತು ಎಂಬುದು ಬೇರೆಯಾಗಿ ತಿಳಿಯಬೇಕು.

ಉರ್ದು ಮಾಧ್ಯಮ ಶಾಲೆಗಳಲ್ಲಿ ಕ್ರಮ ಬೇರೆ. ಬಲದಿಂದ ಎಡಕ್ಕೆ ಬರೆಯುವ ಉರ್ದು ಲಿಪಿಯಲ್ಲಿ ಅಕ್ಷರ ಕಲಿತ ಮಕ್ಕಳು ಕನ್ನಡವನ್ನು ಇನ್ನೊಂದು ಭಾಷೆಯಾಗಿ, ಎಡದಿಂದ ಬಲಕ್ಕೆ ಕಲಿಯುತ್ತಾರೆ. 2007–08ರಿಂದ ಸರ್ಕಾರಿ ಶಾಲೆಗಳಲ್ಲಿ 1ನೇ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಸೇರಿದೆ.

ಮಾತಿನ ಅಭ್ಯಾಸಕ್ಕೆ ಶಾಲೆಯಲ್ಲಿರುವ ನಿಗದಿತ ಸಂದರ್ಭಗಳು ಕೆಲವೇ. ಬೆಳಗಿನ ಪ್ರಾರ್ಥನೆಯ ವೇಳೆ ಪಂಚಾಂಗ, ಸುದ್ದಿ, ನುಡಿಮುತ್ತು ಹೇಳುವುದು ಒಂದು, ಆದರೆ ಈ ಸರದಿ ಹೆಚ್ಚಾಗಿ ದೊಡ್ಡ ತರಗತಿಯವರಿಗೇ ಸಿಗುತ್ತದೆ. ಅಭಿನಯ ಗೀತೆ, ಕಥೆ, ಒಗಟುಗಳು ನಲಿಕಲಿಯ ಭಾಗ. ‘ಪ್ರತಿಭಾ ಕಾರಂಜಿ’ ಸ್ಪರ್ಧೆಗಳಲ್ಲಿ ಕಿರಿಯ ವಿಭಾಗಕ್ಕೆ ಕಂಠಪಾಠ, ಕಥೆ ಹೇಳುವುದು, ಛದ್ಮವೇಷ ಇವೆ. ಸ್ಪರ್ಧೆಗೆ ತಯಾರಾಗುವುದು ಶಾಲೆಗೆ ಒಂದಿಬ್ಬರು ಮಕ್ಕಳು.

ಓದು

ಆರಂಭಿಕ ಓದಿನಲ್ಲಿ ಎರಡು ಕೆಲಸಗಳಿವೆ: ಅಕ್ಷರವನ್ನು ಧ್ವನಿಯಾಗಿಸುವುದು, ಧ್ವನಿಯಿಂದ ಅರ್ಥ ಹಿಡಿಯುವುದು. ಗಟ್ಟಿ ಓದು ಮೊದಲನೆಯದನ್ನು ತೋರಿಸುತ್ತದೆ, ಎರಡನೆಯದನ್ನು ಯಾವಾಗಲೂ ತೋರಿಸುವುದಿಲ್ಲ. ಒಂದು ಮಗು ಓದಿ ಉಳಿದವರು ಹಿಂದೆ ಹೇಳುವ ಸಾಮೂಹಿಕ ಓದಿನಲ್ಲಿ ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬುದು ಮುಚ್ಚಿಹೋಗುತ್ತದೆ. ಪಾಠ ಬಾಯಿಪಾಠವಾಗಿದ್ದರೆ ಪುಸ್ತಕ ತಲೆಕೆಳಗಾಗಿದ್ದರೂ ಓದು ನಿಲ್ಲುವುದಿಲ್ಲ.

2021ರ ಜುಲೈ 5ರಂದು ಆರಂಭವಾದ ನಿಪುಣ್ ಭಾರತ್ ಕಾರ್ಯಕ್ರಮ ಓದಿಗೆ ಅಳತೆಯ ಗುರಿ ಇಟ್ಟಿತು: 2ನೇ ತರಗತಿಯ ಕೊನೆಗೆ ನಿಮಿಷಕ್ಕೆ 45ರಿಂದ 60 ಪದ, 3ನೇ ತರಗತಿಯಲ್ಲಿ ಕನಿಷ್ಠ 60 ಪದ, ಅರ್ಥಸಹಿತ. ಕನ್ನಡಕ್ಕೆ ಈ ಅಳತೆ ನೇರವಾಗಿ ಹೊಂದುವುದಿಲ್ಲ. ವಿಭಕ್ತಿ, ಅವ್ಯಯ, ಕಾಲಸೂಚಕಗಳು ಪದಕ್ಕೆ ಅಂಟಿಕೊಳ್ಳುವ ಭಾಷೆಯಲ್ಲಿ ‘ಮನೆಯವರೊಂದಿಗೆ’ ಒಂದೇ ಪದ. ಬೇರೆ ಭಾಷೆಯಲ್ಲಿ ಅದೇ ಅರ್ಥಕ್ಕೆ ಮೂರು ನಾಲ್ಕು ಪದಗಳಾಗಬಹುದು. 2022ರಲ್ಲಿ 3ನೇ ತರಗತಿಯ ಮಕ್ಕಳ ಮೇಲೆ ರಾಷ್ಟ್ರಮಟ್ಟದಲ್ಲಿ ನಡೆದ ಬುನಾದಿ ಕಲಿಕಾ ಅಧ್ಯಯನ, ಕನ್ನಡವೂ ಸೇರಿ 20 ಭಾಷೆಗಳಿಗೆ ಬೇರೆಬೇರೆ ಮಾನದಂಡ ಕಂಡುಕೊಳ್ಳಲು ಹೊರಟದ್ದು ಈ ಕಾರಣಕ್ಕೆ.

ಶಾಲೆಯ ಹೊರಗಿನ ಓದಿಗೆ ಆಸರೆ ಕಡಿಮೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿದೆ. ಈ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಎಂಬ ಹೆಸರಿದೆ. ಪಂಚಾಯಿತಿ ಕೇಂದ್ರದ ಊರಿನ ಮಕ್ಕಳಿಗೆ ಇದು ಹತ್ತಿರ, ದೊಡ್ಡಿ ಮತ್ತು ತಾಂಡಾಗಳ ಮಕ್ಕಳಿಗೆ ದೂರ.

ಬರಹ

ಬರಹ ಗೆರೆ, ವೃತ್ತ, ಅರ್ಧವೃತ್ತಗಳ ಪೂರ್ವ ಅಭ್ಯಾಸದಿಂದ ಆರಂಭವಾಗುತ್ತದೆ. ದುಂಡು ಆಕಾರದ ಕನ್ನಡ ಅಕ್ಷರಕ್ಕೆ ಮಣಿಕಟ್ಟಿನ ತಿರುವು ಬೇಕು. ಸ್ಲೇಟು, ಗೋಡೆಯ ಕೆಳಭಾಗದ ಕಪ್ಪು ಪಟ್ಟಿ, ನಂತರ ನೋಟುಪುಸ್ತಕ ಎಂಬುದು ಸಾಮಾನ್ಯ ಕ್ರಮ. ಮುಂದೆ ನಕಲು ಬರಹ, ಉಕ್ತಲೇಖನ, ಬಿಟ್ಟ ಸ್ಥಳ ತುಂಬುವುದು, ಚಿತ್ರ ನೋಡಿ ಬರೆಯುವುದು, ಕೊನೆಗೆ ಸ್ವಂತ ವಾಕ್ಯ. ತರಗತಿಯ ವೇಳೆಯಲ್ಲಿ ದೊಡ್ಡ ಪಾಲು ನಕಲಿನದೇ.

ಸಾಮಾನ್ಯವಾಗಿ ಕಾಣುವ ದೋಷಗಳು ನಾಲ್ಕು ಬಗೆಯವು. ದೀರ್ಘ ಬಿಡುವುದು, ಒತ್ತು ಬಿಡುವುದು (‘ಹಕ್ಕಿ’ ಹೋಗಿ ‘ಹಕಿ’), ಅಲ್ಪಪ್ರಾಣ ಮಹಾಪ್ರಾಣ ಬೆರೆಸುವುದು, ಶ, ಷ, ಸಗಳಲ್ಲಿ ವ್ಯತ್ಯಾಸ ಮಾಡದಿರುವುದು. ಮೊದಲೆರಡು ಲಿಪಿ ಕಲಿಕೆಯ ಹಂತವನ್ನು ಸೂಚಿಸುತ್ತವೆ, ಅಭ್ಯಾಸದಿಂದ ಹೋಗುತ್ತವೆ. ಉಳಿದೆರಡು ಆಡುಮಾತಿನಿಂದ ಬಂದವು. ಮಗುವಿನ ಉಚ್ಚಾರದಲ್ಲೇ ಆ ಭೇದ ಇಲ್ಲದಿರುವಾಗ, ಕಣ್ಣಿಗೆ ಅಭ್ಯಾಸವಾಗುವಷ್ಟು ಓದಿದ ಮೇಲೆಯೇ ಅದು ಬರಹದಲ್ಲಿ ಮೂಡುತ್ತದೆ. ಎಲ್ಲಕ್ಕೂ ‘ಹತ್ತು ಸಲ ಬರಿ’ ಎಂಬ ಒಂದೇ ಮದ್ದು ಕೊಡುವುದು ರೂಢಿಯಲ್ಲಿದೆ.

ಬೋಧನಾ ಪದ್ಧತಿಗಳು

ರಾಯಚೂರು ಜಿಲ್ಲೆ, ಕೊಪ್ಪಳವನ್ನೂ ಒಳಗೊಂಡಿದ್ದ ಕಾಲದಲ್ಲಿ, ಬೆಳಗಾವಿ, ಕೋಲಾರ, ಮಂಡ್ಯಗಳೊಂದಿಗೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆಯ ಮೊದಲ ಹಂತಕ್ಕೆ ಆಯ್ಕೆಯಾಯಿತು. 1990ರ ದಶಕದ ನಡುವಿನ ಈ ಯೋಜನೆಯಿಂದ ಕೊಠಡಿ, ಶಿಕ್ಷಕರ ತರಬೇತಿ, ಕ್ಲಸ್ಟರ್ ಮತ್ತು ಬ್ಲಾಕ್ ಸಂಪನ್ಮೂಲ ಕೇಂದ್ರಗಳ ಜಾಲ ಬಂತು. ಇಂದು ತರಗತಿಗೆ ಬಂದು ಓದು ಬರಹ ನೋಡುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳ (ಸಿಆರ್‌ಪಿ) ವ್ಯವಸ್ಥೆ ಆ ಕಾಲದ್ದು. ಜಿಲ್ಲೆಯ ಶಿಕ್ಷಕ ತರಬೇತಿ ಸಂಸ್ಥೆ, ಡಯಟ್, ರಾಯಚೂರು ನಗರದ ಅಂಚಿನ ಯರಮರಸ್‌ನಲ್ಲಿದೆ. ದೇವದುರ್ಗ, ಮಾನ್ವಿ, ರಾಯಚೂರಿಗೆ ಪ್ರತ್ಯೇಕ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗಳಿವೆ. ಮಾನ್ವಿಯಿಂದ ಸಿರವಾರ ಬೇರೆ ತಾಲ್ಲೂಕಾದ ಬಳಿಕ ‘ಮಾನ್ವಿ’ ಎಂಬ ಹೆಸರಿನ ಶೈಕ್ಷಣಿಕ ಅಂಕಿಗಳು ಯಾವ ಗಡಿಯವು ಎಂಬುದನ್ನು ನೋಡಿಕೊಂಡು ಓದಬೇಕು.

ನಲಿಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಆರಂಭವಾಯಿತು. ಅಲ್ಲಿನ ಶಿಕ್ಷಕರು ಆಂಧ್ರದ ಆಗಿನ ಚಿತ್ತೂರು ಜಿಲ್ಲೆಯ ರಿಷಿ ವ್ಯಾಲಿ ಗ್ರಾಮೀಣ ಶಾಲೆಗಳ ಕ್ರಮ ನೋಡಿ ಬಂದು ಅದನ್ನು ಕನ್ನಡಕ್ಕೆ ಒಗ್ಗಿಸಿದರು. 2009–10ರಿಂದ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ 1 ಮತ್ತು 2ನೇ ತರಗತಿಗೆ, ಬಳಿಕ 3ಕ್ಕೂ ಅದು ವಿಸ್ತರಿಸಿತು. ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಪಠ್ಯವನ್ನು ಮೈಲಿಗಲ್ಲುಗಳಾಗಿ, ಮೈಲಿಗಲ್ಲನ್ನು ಲೋಗೋ ಇರುವ ಕಾರ್ಡುಗಳಾಗಿ ಒಡೆದು ಕಲಿಕಾ ಏಣಿಯಲ್ಲಿ ಜೋಡಿಸಲಾಗಿರುತ್ತದೆ. ಮಗು ತಾನಿರುವ ಮೆಟ್ಟಿಲಿನ ಲೋಗೋ ಗುರುತಿಸಿ ಕಾರ್ಡು ತೆಗೆದುಕೊಂಡು ಐದು ‘ತಟ್ಟೆ’ಗಳಲ್ಲಿ ಒಂದಕ್ಕೆ ಹೋಗುತ್ತದೆ. ಶಿಕ್ಷಕರ ಸಂಪೂರ್ಣ ನೆರವು, ಶಿಕ್ಷಕರ ಭಾಗಶಃ ನೆರವು, ಸಹಪಾಠಿಗಳ ಸಂಪೂರ್ಣ ನೆರವು, ಸಹಪಾಠಿಗಳ ಭಾಗಶಃ ನೆರವು, ಸ್ವಕಲಿಕೆ ಎಂಬುವು ಆ ತಟ್ಟೆಗಳು. ಮಕ್ಕಳ ಚಿತ್ರ, ಬರಹಗಳು ತಲೆಯ ಮೇಲಿನ ದಾರದ ಚಪ್ಪರದಿಂದ ತೂಗುತ್ತವೆ. ‘ಪ್ರಗತಿ ನೋಟ’ದಲ್ಲಿ ಯಾರು ಎಲ್ಲಿದ್ದಾರೆ ಎಂಬ ಗುರುತು ಇರುತ್ತದೆ.

ಈ ಪದ್ಧತಿ ದೇವದುರ್ಗ, ಮಾನ್ವಿಗಳಂಥ ತಾಲ್ಲೂಕಿಗೆ ಹೊಂದಲು ಎರಡು ಕಾರಣಗಳಿವೆ. ಒಂದು, ಒಬ್ಬಿಬ್ಬರು ಶಿಕ್ಷಕರ ಶಾಲೆಗಳಲ್ಲಿ ಬಹುವರ್ಗ ಬೋಧನೆ ಹೇಗೂ ಅನಿವಾರ್ಯ. ಎರಡು, ಗುಳೆ. ಬೆಳೆ ಕೈಕೊಟ್ಟಾಗ ಅಥವಾ ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಹೈದರಾಬಾದ್, ಪುಣೆ ಕಡೆ ಕಟ್ಟಡ ಕೆಲಸಕ್ಕೆ ಹೋಗುವ ಕುಟುಂಬಗಳ ಮಕ್ಕಳು ತಿಂಗಳುಗಟ್ಟಲೆ ಬರುವುದಿಲ್ಲ. ಹತ್ತಿ, ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ಊರಲ್ಲಿದ್ದ ಮಕ್ಕಳ ಹಾಜರಾತಿಯೂ ಇಳಿಯುತ್ತದೆ. ಪಠ್ಯಪುಸ್ತಕ ಹಿಡಿದು ಎಲ್ಲರನ್ನೂ ಒಟ್ಟಿಗೆ ಒಯ್ಯುವ ತರಗತಿಯಲ್ಲಿ ಅಂಥ ಮಗು ಮರಳಿದಾಗ ಪಾಠ ಮುಂದೆ ಹೋಗಿರುತ್ತದೆ. ಏಣಿಯಲ್ಲಾದರೆ ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಕಾಗದದ ಮೇಲೆ ಇದು ನಲಿಕಲಿಯ ದೊಡ್ಡ ಬಲ. ಇದು ಫಲ ಕೊಡಬೇಕಾದರೆ ಕಾರ್ಡುಗಳು ಪೂರ್ತಿ ಇರಬೇಕು, ತರಬೇತಾದ ಶಿಕ್ಷಕರು ಇಡೀ ದಿನ ಅದೇ ಕೋಣೆಯಲ್ಲಿರಬೇಕು. ಹರಿದ ಕಾರ್ಡು, ವರ್ಗಾವಣೆ, ವರ್ಷದ ನಡುವೆ ಬರುವ ಅತಿಥಿ ಶಿಕ್ಷಕರು, ಬೇರೆ ಇಲಾಖೆಗಳ ಸಮೀಕ್ಷಾ ಕೆಲಸ ಇವೆಲ್ಲ ಏಣಿಯ ನಡುವಿನ ಮೆಟ್ಟಿಲುಗಳನ್ನೇ ತಪ್ಪಿಸುತ್ತವೆ.

ನಲಿಕಲಿಯ ನಂತರ ಓದಿನಲ್ಲಿ ಹಿಂದುಳಿದವರಿಗಾಗಿ ಬಂದ ಪದ್ಧತಿ ‘ಓದು ಕರ್ನಾಟಕ’. ಪ್ರಥಮ್ ಸಂಸ್ಥೆಯ ಸಹಯೋಗದಲ್ಲಿ ಶಿಕ್ಷಣ ಇಲಾಖೆ ನಡೆಸಿದ ಇದರಲ್ಲಿ 4 ಮತ್ತು 5ನೇ ತರಗತಿಯ ಮಕ್ಕಳನ್ನು ತರಗತಿ ಬಿಟ್ಟು, ಅಕ್ಷರ, ಪದ, ವಾಕ್ಯವೃಂದ, ಕಥೆ ಎಂಬ ಓದಿನ ಮಟ್ಟದ ಮೇಲೆ ಗುಂಪು ಮಾಡಿ ಕಲಿಸಲಾಗುತ್ತಿತ್ತು.

ಈ ಭಾಗಕ್ಕೆ ಅತಿ ಹತ್ತಿರದಲ್ಲಿ ನಡೆದ ದೊಡ್ಡ ಅಧ್ಯಯನ ಕೃಷ್ಣಾ ನದಿಯಾಚೆಯ ಯಾದಗಿರಿಯದು. ಭಾರತೀಯ ಭಾಷೆಗಳಲ್ಲಿ ಸಾಕ್ಷರತಾ ಸಂಶೋಧನೆ ಎಂಬ ಯೋಜನೆಯಲ್ಲಿ ಶೈಲಜಾ ಮೆನನ್ ಮತ್ತು ಸಂಗಡಿಗರು ಯಾದಗಿರಿಯ ಕನ್ನಡ ತರಗತಿಗಳನ್ನೂ ಮಹಾರಾಷ್ಟ್ರದ ವಾಡಾದ ಮರಾಠಿ ತರಗತಿಗಳನ್ನೂ 1ರಿಂದ 3ನೇ ತರಗತಿಯವರೆಗೆ ಅನುಸರಿಸಿದರು. ಅಕ್ಷರ ಕಲಿಸುವುದರಲ್ಲೇ ವರ್ಷಗಳು ಕಳೆದು, ಕಥೆ, ಮಾತುಕತೆ, ಸ್ವಂತ ಬರಹಕ್ಕೆ ಜಾಗ ಸಿಗುವುದಿಲ್ಲ, ಅಷ್ಟಾದರೂ ಅನೇಕ ಮಕ್ಕಳಿಗೆ ಗುಣಿತ ಮತ್ತು ಒತ್ತಕ್ಷರ ಗಟ್ಟಿಯಾಗಿರುವುದಿಲ್ಲ ಎಂಬುದು ಅವರು ಕಂಡದ್ದು.

ಆಸರೆ ವ್ಯವಸ್ಥೆಗಳು

ಮಧ್ಯಾಹ್ನದ ಬಿಸಿಯೂಟದ ‘ಅಕ್ಷರ ದಾಸೋಹ’ 2002ರ ಜೂನ್‌ನಲ್ಲಿ ಮೊದಲು ಆರಂಭವಾದದ್ದು ರಾಯಚೂರು ಸೇರಿದ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ. ರಾಜ್ಯದ ಉಳಿದ ಭಾಗಕ್ಕೆ ಅದು ಮರುವರ್ಷ ಹೋಯಿತು. ಹಾಜರಾತಿಗೂ ಓದಿಗೂ ಇರುವ ನೇರ ಸಂಬಂಧದಿಂದಾಗಿ ಇದನ್ನು ಭಾಷಾ ಕಲಿಕೆಯ ಲೆಕ್ಕದಲ್ಲೂ ಹಿಡಿಯಬೇಕಾಗುತ್ತದೆ. ಗುಳೆ ಹೋಗುವವರ ಮಕ್ಕಳಿಗಾಗಿ ಸರ್ವ ಶಿಕ್ಷಾ ಅಭಿಯಾನದಡಿ ಋತುಮಾನದ ವಸತಿ ಶಾಲೆ, ಟೆಂಟ್ ಶಾಲೆಗಳ ಏರ್ಪಾಡು ಬಂತು. ಶಾಲಾಪೂರ್ವ ಹಂತದಲ್ಲಿ ಅಂಗನವಾಡಿಗಳ ‘ಚಿಲಿಪಿಲಿ’ ಚಟುವಟಿಕೆ ಪಠ್ಯ ಮಾತು, ಹಾಡು, ಬಣ್ಣ, ಆಕಾರಗಳನ್ನು ಕಲಿಸುತ್ತದೆ. 2024–25ರಲ್ಲಿ ಕಲ್ಯಾಣ ಕರ್ನಾಟಕದ ಹಲವು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತರಗತಿಗಳು ಆರಂಭವಾದವು.

ಇಂದಿನ ಸ್ಥಿತಿ

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಮುಚ್ಚಿದ ಶಾಲೆಗಳಲ್ಲಿ 1ರಿಂದ 5ನೇ ತರಗತಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ನಡುವೆ ಗುಡಿ, ಮರದ ನೆರಳು, ಸಮುದಾಯ ಭವನಗಳಲ್ಲಿ ಕೆಲಕಾಲ ನಡೆದ ‘ವಿದ್ಯಾಗಮ’ವನ್ನು ಬಿಟ್ಟರೆ ಆ ಸಾಲಿನ ಮಕ್ಕಳಿಗೆ ಅಕ್ಷರ ಕಲಿಯುವ ವರ್ಷಗಳೇ ತಪ್ಪಿದವು. 2022–23ರ ‘ಕಲಿಕಾ ಚೇತರಿಕೆ’ ಹಿಂದಿನ ಎರಡು ತರಗತಿಗಳ ಕಲಿಕಾ ಫಲಗಳನ್ನು ಚಟುವಟಿಕೆ ಹಾಳೆಗಳ ಮೂಲಕ ಮತ್ತೆ ಕಲಿಸಲು ರೂಪಿಸಿದ ವರ್ಷವಿಡೀ ಕಾರ್ಯಕ್ರಮ. 1ನೇ ತರಗತಿಗೆ ಸೇರುವ ಮಕ್ಕಳಿಗೆ ಮೂರು ತಿಂಗಳ ‘ವಿದ್ಯಾಪ್ರವೇಶ’ ಅದೇ ಹೊತ್ತಿಗೆ ಬಂತು. ಈಚಿನ ವರ್ಷಗಳಲ್ಲಿ ಕ್ಲಸ್ಟರ್ ಮಟ್ಟದ ‘ಕಲಿಕಾ ಹಬ್ಬ’ದಲ್ಲಿ ಗಟ್ಟಿ ಓದು, ಕಥೆ ಹೇಳುವುದು, ಕೈಬರಹಕ್ಕೆ ಸ್ಪರ್ಧೆಗಳಿವೆ.

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಅವಕಾಶ ಕೊಡುವ ಸಂವಿಧಾನದ 371(ಜೆ) ವಿಧಿಯ ಬಳಿಕ ಈ ಭಾಗದ ಶಿಕ್ಷಕ ಹುದ್ದೆಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ದೊರೆತಿದೆ. ಮಗುವಿನ ಆಡುಮಾತನ್ನು ಬಲ್ಲ ಶಿಕ್ಷಕರ ಪ್ರಮಾಣ ಇದರಿಂದ ಹೆಚ್ಚಬೇಕಾದದ್ದು ಸಹಜ. ಖಾಲಿ ಹುದ್ದೆಗಳ ಜಾಗದಲ್ಲಿ ಅತಿಥಿ ಶಿಕ್ಷಕರು ದುಡಿಯುವುದು ಮಾತ್ರ ಮುಂದುವರಿದಿದೆ. 2018ರಲ್ಲಿ ರಾಯಚೂರು, ಯಾದಗಿರಿಯೊಂದಿಗೆ ಕೇಂದ್ರದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಗೆ ಸೇರಿತು, ಶಿಕ್ಷಣ ಅದರ ಅಳತೆಗಳಲ್ಲಿ ಒಂದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ತನ್ನ ಅನುದಾನದಲ್ಲಿ ಶಿಕ್ಷಣಕ್ಕೆ ಒತ್ತು ಕೊಡಲು ‘ಅಕ್ಷರ ಆವಿಷ್ಕಾರ’ವನ್ನು 2023–24ರಲ್ಲಿ ಆರಂಭಿಸಿತು.

ರಾಯಚೂರು ನಗರದಲ್ಲಿ ಸ್ಥಿತಿ ಬೇರೆ ದಿಕ್ಕಿಗೆ ತಿರುಗಿದೆ. ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಗಳತ್ತ ಒಲವು ಹೆಚ್ಚಿ, ಸರ್ಕಾರಿ ಶಾಲೆಗಳಲ್ಲೂ 2019–20ರಿಂದ ಇಂಗ್ಲಿಷ್ ಮಾಧ್ಯಮ ವಿಭಾಗಗಳು ತೆರೆದಿವೆ. ಅಲ್ಲಿನ ಮಗು ತೆಲುಗನ್ನೋ ಉರ್ದುವನ್ನೋ ಮನೆಯಲ್ಲಿ ಆಡಿ, ಬೀದಿಯಲ್ಲಿ ರಾಯಚೂರು ಕನ್ನಡ ಕೇಳಿ, ಪಠ್ಯಪುಸ್ತಕದ ಕನ್ನಡ ಮತ್ತು ಇಂಗ್ಲಿಷ್ ಎರಡರ ಅಕ್ಷರಗಳನ್ನೂ ಒಂದೇ ವರ್ಷ ಎದುರಿಸುತ್ತದೆ. ಈ ಮಗುವೂ ಸೇರಿ ಎಲ್ಲ ಮಕ್ಕಳ ವಿಷಯದಲ್ಲಿ ನಿಪುಣ್ ಭಾರತ್ ತನ್ನ ಗುರಿ ಮುಟ್ಟಲು ಇಟ್ಟುಕೊಂಡಿರುವ ವರ್ಷ 2026–27.